ಬಾಲ್ಡಿ ಬೆಟ್ಟಕ್ಕೆ ಒಂದು ಚೀಲ ಮಂಡಕ್ಕಿ

ನಾನು ಹೇಳೋದನ್ನ ನೀವು ನಂಬೋದಿಲ್ಲ. ನಂಬಬೇಡಿ, ನೋಡೋಣ. ಒಂದೇ ಒಂದು ಸಲ ನಮ್ಮ ಕನ್ನಡದ ಮಂದಿ ಜೊತೆ ಬೆಟ್ಟ ಹತ್ತೋ ಪ್ಲಾನ್ ಮಾಡಿ, ಆಮೇಲೆ ನೀವೇ ಬಂದು ನನ್ನ ಕೈ ಹಿಡಿದು ಅಳ್ತೀರಿ. ಬೇರೆಯವರಿಗೆ ಬೆಟ್ಟ ಹತ್ತಿದರೆ ಸುಸ್ತು, ನಮಗೆ ಪ್ಲಾನ್ ಮಾಡುವಾಗಲೇ ಸುಸ್ತು. ಪ್ರತಿ ಸಲ ಹೀಗೇ ಆಗುತ್ತೆ. ಪ್ರತಿ ಸಲ ‘ಇದೇ ಕೊನೆ’ ಅಂತೀನಿ. ಮತ್ತೆ ಹೋಗ್ತೀನಿ.

೧. ಕೆಂಪು ಸೀಟಿ

ನಾನಿರೋದು ರೆಡೊಂಡೊ ಬೀಚ್, ಕೆಲಸ ಎಲ್ ಸೆಗುಂಡೋ, ಹುಟ್ಟಿ ಬೆಳೆದದ್ದು ಹಾವೇರಿ ಕಡೆಯ ಹಳ್ಳಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನನ್ನಂಥ ಗಟ್ಟಿ ಕಾಲಿನ ಕನ್ನಡಿಗ ಇನ್ನೊಬ್ಬ ಇದ್ದರೆ ಮುಂದೆ ಬರಲಿ. ಆದರೂ ನಮ್ಮ ಗುಂಪಿಗೆ ಲೀಡರ್ ನಾನಲ್ಲ, ರಾಂಚೊ ಬರ್ನಾರ್ಡೊದ ಒಬ್ಬ ಆಂಟಿ. ಉಡುಪಿಯವರು. ಅವರ ಕೊರಳಲ್ಲಿ ಒಂದು ಕೆಂಪು ಸೀಟಿ. ಒಂದು ಸಲ ಊದಿದರೆ ಎಲ್ಲರೂ ನಿಲ್ಲಬೇಕು, ಎರಡು ಸಲ ಊದಿದರೆ ಎಲ್ಲರೂ ವಾಪಸ್. ಆ ಸೀಟಿಯ ಮೇಲೆ ನನಗೆ ಬಹಳ ದಿನದಿಂದ ಕಣ್ಣು.

ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸೇರಿದಾಗ ಹೇಳೇಬಿಟ್ಟೆ, “ಈ ಸಲ ಮೌಂಟ್ ಬಾಲ್ಡಿ. ಲೀಡರ್ ನಾನು.”

“ಆಗಲಿ ಮಾರಾಯ,” ಅಂದರು ಆಂಟಿ. “ಪ್ಲಾನ್ ನಿನ್ನದೇ. ಸೀಟಿ ಮಾತ್ರ ಅವತ್ತಿಗೆ ನನ್ನ ಹತ್ರವೇ ಇರಲಿ. ಎಲ್ಲರನ್ನೂ ಹತ್ತಿಸಿ, ಉಣ್ಣಿಸಿ, ಸರಿಯಾಗಿ ಇಳಿಸಿದರೆ ಅದು ನಿನಗೆ. ಅದಿರಲಿ, ಮೇಲೆ ಒಂದು ಮರ ಇಲ್ಲ, ಗಾಳಿ ಎತ್ತಿ ಬಿಸಾಕ್ತದೆ. ಅದಕ್ಕೆ ಎಂತ ಪ್ಲಾನ್?”

“ಆಂಟಿ, ಕಣದಾಗ ರಾಶಿ ತೂರಿ ಬೆಳೆದ ಮಂದಿ ನಾವು. ಗಾಳಿ ನಮ್ಮ ಮಾತು ಕೇಳ್ತದ.”

“ಹೌದಾ? ಹಾಗಾದರೆ ಶನಿವಾರ ಒಂದು ದಿನ ರಜೆ ಹಾಕಲಿಕ್ಕೆ ಹೇಳು ಅದಕ್ಕೆ.”

೨. ರಿಹರ್ಸಲ್

ದೊಡ್ಡ ಬೆಟ್ಟಕ್ಕೆ ಮುಂಚೆ ಸಣ್ಣದೊಂದು ಹತ್ತಿ ಕಾಲು ಪರೀಕ್ಷೆ ಮಾಡಿಕೊಳ್ಳಬೇಕು ಅನ್ನೋದು ಆಂಟಿಯ ಕಾನೂನು. ಅವರ ಮನೆಯ ಹತ್ತಿರವೇ ಒಂದು ಗುಡ್ಡ ಗೊತ್ತುಮಾಡಿದರು. ವಾರವೆಲ್ಲ ದುಡಿದ ಮೈ, ರಜೆಯ ದಿನ ಬೆಳಿಗ್ಗೆ ಎದ್ದು ರೆಡೊಂಡೊ ಬೀಚಿನಿಂದ ಎರಡು ತಾಸಿನ ದಾರಿ ಡ್ರೈವ್ ಮಾಡಿದೆ. ದಾರಿಯಲ್ಲಿ ಎಲ್ಲೋ ಒಂದು ಲಾರಿ ಮಗ್ಗುಲಾಗಿತ್ತಂತೆ. ಫ್ರೀವೇ ಮೇಲೆ ಕಾರುಗಳು ಜಾತ್ರೆಗೆ ಬಂದ ಎತ್ತಿನ ಹಾಗೆ ಸುಮ್ಮನೆ ನಿಂತಿದ್ದವು, ಮೆಲುಕು ಹಾಕೋದೊಂದು ಬಾಕಿ.

ನಾನು ಹೋಗಿ ಮುಟ್ಟಿದಾಗ ಎಲ್ಲರೂ ಗುಡ್ಡ ಇಳಿದು ಬೂಟು ಕಳಚುತ್ತಾ ಇದ್ದರು. ಆಂಟಿಯ ಯಜಮಾನರು, ಅಂಕಲ್, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ ಕೇಳಿದರು, “ಬಾರಪ್ಪಾ ಲೀಡರ್. ಗುಡ್ಡ ನೋಡ್ಕೊಂಡು ಹೋಗ್ತೀಯೋ, ಇಲ್ಲ ಅದನ್ನೇ ನಿನ್ನ ಮನೆಗೆ ಕಳಿಸಿಕೊಡೋಣವೋ?”

೩. ಊಟದ ವಿಷಯ

ಸುರಕ್ಷಿತವಾಗಿ ಹೋಗಿ ಬರೋದು ಹೇಗೆ ಅಂತ ಆಂಟಿ ಇನ್ನೊಂದು ಕಾಲ್ ಇಟ್ಟರು. ಹವಾಮಾನ ನೋಡಬೇಕು, ನೀರು ಹೆಚ್ಚಿಗೆ ಇರಬೇಕು, ಗಾಳಿ ಜೋರಾದರೆ ತುದಿ ಕಣ್ಣೆದುರಿಗೇ ಇದ್ದರೂ ತಿರುಗಬೇಕು. ಎಲ್ಲರೂ ಹೂಂ ಅಂದರು. ಆಮೇಲೆ ಒಬ್ಬರು, “ಚಿತ್ರಾನ್ನ ಯಾರದು?” ಅಂದರು ನೋಡಿ, ಅಲ್ಲಿಗೆ ಬೆಟ್ಟದ ಮಾತು ಮುಗಿಯಿತು. ಪುಳಿಯೋಗರೆ ಬಂತು, ಪೂರಿ ಬಂತು, ಒಬ್ಬರು ಕುಕ್ಕರನ್ನೇ ಹೊತ್ತು ತರೋಕೆ ತಯಾರಾದರು.

ಕೇಳಿ ಕೇಳಿ ತಲೆ ಸಿಡಿಯಿತು. ಕೊನೆಗೆ ನನ್ನ ಬುದ್ಧಿ ಓಡಿಸಿದೆ. “ಯಾರೂ ಏನೂ ತರೋದು ಬ್ಯಾಡ. ಒಂದು ದೊಡ್ಡ ಚೀಲ ಮಂಡಕ್ಕಿ ನಾ ತರ್ತೀನಿ. ತೂಕಿಲ್ಲ, ಕೆಡೂದಿಲ್ಲ. ತುದೀಗೆ ಕೂತು ಎಲ್ಲಾರಿಗೂ ಗಿರ್ಮಿಟ್ ಕಲಸಿ ಕೊಡ್ತೀನಿ. ಇದು ಪ್ಲಾನ್ ಅಂದ್ರ!”

ಕ್ಯಾಮೆರಾದ ಅಂಚಿನಲ್ಲಿ ಆಂಟಿಯ ಮಗಳು ಕೂತಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲಾ ತಿಳಿಯುತ್ತೆ, ಬಾಯಿ ಬಿಟ್ಟರೆ ಇಂಗ್ಲಿಷ್. “ದಟ್ಸ್ ನಾಟ್ ಎ ಪ್ಲಾನ್,” ಅಂದಳು, “ದಟ್ಸ್ ಎ ಸ್ನ್ಯಾಕ್.”

೪. ಮಂಕಿ ಟೋಪಿ

ಆ ಶನಿವಾರ ಬಾಲ್ಡಿಯ ಬುಡದಲ್ಲಿ ಚುರುಚುರು ಬಿಸಿಲು. ನಾನು ತೆಳು ಟೀ ಶರ್ಟಿನಲ್ಲಿ ಎದೆ ಉಬ್ಬಿಸಿ ನಿಂತಿದ್ದೆ. ಅಂಕಲ್ ಕಾರಿನಿಂದ ಇಳಿದರೆ, ಸ್ವೆಟರ್, ಅದರ ಮೇಲೆ ಜಾಕೆಟ್, ತಲೆಗೆ ಊರಿನಿಂದ ತಂದ ಉಣ್ಣೆಯ ಮಂಕಿ ಟೋಪಿ. ಕಣ್ಣು ಮೂಗು ಬಿಟ್ಟು ಬೇರೇನೂ ಕಾಣಿಸದು. ಪಕ್ಕದಲ್ಲಿ ಕಾರು ನಿಲ್ಲಿಸುತ್ತಿದ್ದ ಬಿಳಿ ಗಡ್ಡದ ಅಮೆರಿಕನ್ ಅಜ್ಜ ಅಂಕಲ್‌ನ ಒಂದು ಸಲ ನೋಡಿದ, ತನ್ನ ಕಾರನ್ನ ಎರಡು ಸಲ ಲಾಕ್ ಮಾಡಿದ.

ಆಂಟಿ ನನಗೂ ಒಂದು ಟೋಪಿ ಚಾಚಿದರು. “ತಗೋ, ಇನ್ನೊಂದು ಉಂಟು.”

“ನಮ್ಮೂರಾಗ ಇದನ್ನ ಹಸುಗೂಸಿಗೆ ಹಾಕ್ತಾರ ಆಂಟಿ.”

ಮರಗಳ ಸಾಲು ಮುಗಿದು ಬೋಳು ಏರು ಶುರುವಾಯಿತೋ ಇಲ್ಲವೋ, ಗಾಳಿ ಕಿವಿಯಲ್ಲಿ ಸೂಜಿ ಆಡಿಸಿತು. ನಾನು ಮೆಲ್ಲಗೆ ಆಂಟಿಯ ಪಕ್ಕಕ್ಕೆ ಬಂದು ಕೇಳಿದೆ, “ಆ ಹಸುಗೂಸಿನ ಟೋಪಿ ಐತೇನ್ರೀ?”

೫. ತೂರಿದ್ದು

ಇನ್ನು ಕಿರಿದಾದ ದಾರಿ, ಎರಡೂ ಕಡೆ ಪ್ರಪಾತ. ಬೆನ್ನ ಮೇಲಿನ ಮಂಡಕ್ಕಿ ಚೀಲಕ್ಕೆ ತೂಕವಿಲ್ಲ, ನಿಜ; ಆದರೆ ಗಾಳಿ ಸಿಕ್ಕ ಕೂಡಲೇ ಅದು ಹಡಗಿನ ಹಾಯಿ. ನಾನು ಮುಂದಕ್ಕೆ ಹೆಜ್ಜೆ ಇಟ್ಟರೆ ಅದು ಪಕ್ಕಕ್ಕೆ ಎಳೆಯುತ್ತೆ. ಏಡಿ ಹಾಗೆ ಅಡ್ಡಡ್ಡ ನಡೆದೆ. ಆಂಟಿ ನೋಡಿದರು, ಒಂದು ಸಲ ಸೀಟಿ ಊದಿದರು. ಎಲ್ಲರೂ ಒಂದು ಬಂಡೆಯ ಮರೆಗೆ ಸರಿದು ಕೂತೆವು.

“ತುದಿ ಅಲ್ಲೇ ಕಾಣ್ತದ ಆಂಟಿ!”

“ಕಾಣಲಿ. ಎಲ್ಲರಿಗೂ ಹಸಿವೆ ಆಗಿದೆ. ಮೊದಲು ಉಣ್ಣಿಸು ನೋಡುವ.”

ಇದೇ ಸಮಯ ಅಂತ ತೋಳು ಏರಿಸಿದೆ. ಪಾತ್ರೆಗೆ ಹುರಿದ ಶೇಂಗಾ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದೆ. ಚೀಲ ಬಿಚ್ಚಿ ಮಂಡಕ್ಕಿ ಪೂರ್ತಿ ಸುರಿದೆ. ಮಸಾಲೆ ಹಾಕೋಣ ಅಂತ ಕೈ ಎತ್ತಿದೆ, ಬಂಡೆಯನ್ನ ಸುತ್ತಿ ಬಂತು ನೋಡಿ ಒಂದು ಗಾಳಿ! ಆಂಟಿಯ ಜಡೆಯಲ್ಲಿ ಮಂಡಕ್ಕಿ, ಅಂಕಲ್‌ನ ಮಂಕಿ ಟೋಪಿಯ ಒಳಗೆ ಮಂಡಕ್ಕಿ, ಆಚೆ ಪೊದೆಗಳೆಲ್ಲ ಮಲ್ಲಿಗೆ ಬಿಟ್ಟ ಹಾಗೆ ಬೆಳ್ಳಗೆ.

ಆಂಟಿ ಪಾತ್ರೆಯೊಳಗೆ ಇಣುಕಿದರು. ತಳದಲ್ಲಿ ಶೇಂಗಾ ಒಂದೂ ಅಲ್ಲಾಡದೆ ಕೂತಿತ್ತು.

“ಸುಳ್ಳು ಹೇಳಲಿಲ್ಲ ನೀನು,” ಅಂದರು. “ಲಾಯ್ಕ ತೂರ್ತೀ. ಕಾಳು ಇಲ್ಲೇ ಉಳೀತು, ಹೊಟ್ಟು ಮಾತ್ರ ಹೋಯ್ತು.”

ಎರಡು ಸಲ ಸೀಟಿ ಊದಿದರು. ಎಲ್ಲರೂ ಒಂದೊಂದು ಮುಷ್ಟಿ ಶೇಂಗಾ ಬಾಯಿಗೆ ಹಾಕಿಕೊಂಡು ಇಳಿಯಲು ತಿರುಗಿದರು. ಕೆಳಗೆ ಕಾರಿನಲ್ಲಿ ಮೊಸರನ್ನ ಇದೆ ಅಂತ ಅಂಕಲ್ ಆಗ ಬಾಯಿ ಬಿಟ್ಟರು. ನನ್ನ ಪ್ಲಾನ್ ಕೇಳಿದ ದಿನವೇ ಅದನ್ನ ತರೋದು ಅಂತ ಆಂಟಿ ತೀರ್ಮಾನ ಮಾಡಿದ್ದರಂತೆ. ನಾನೂ ಹೊರಟೆ. ಆಂಟಿಯ ಮಗಳು ಅಡ್ಡ ನಿಂತಳು. ಪೊದೆಗಳ ಕಡೆ ಬೆರಳು ಮಾಡಿ, ಅವತ್ತು ಮೊದಲ ಸಲ, ಅಚ್ಚ ಕನ್ನಡದಲ್ಲಿ ಹೇಳಿದಳು:

“ಅಣ್ಣ, ಅದನ್ನೆಲ್ಲ ಯಾರು ಹೆಕ್ಕುವುದು?”

ಸೀಟಿ ಆಂಟಿಯ ಕೊರಳಲ್ಲೇ ಇದೆ. ನನಗೆ ಕೊಟ್ಟಿದ್ದು ಒಂದು ಕಸದ ಚೀಲ.