ಡಿಕ್ಸನ್ ತರಿಸಿದ ಪೀಟ್

ಇಷ್ಟು ಪೇಚಾಟಕ್ಕೆಲ್ಲ ಕಾರಣ, ಡಿಕ್ಸನ್ ಅಡುಗೆಮನೆಯಲ್ಲಿ ಮರೆತು ಬಂದ ಒಂದು ಚೀಲ.

ಅದರಲ್ಲಿದ್ದದ್ದು ಪೀಟ್. ಜೌಗು ನೆಲದಲ್ಲಿ ಯುಗಯುಗ ನೆನೆದು ಕಪ್ಪಾದ ಪಾಚಿಮಣ್ಣು. ಡಿಕ್ಸನ್‌ನ ಕಂಪನಿ ಅದನ್ನು ಲಾಟ್ವಿಯಾದಿಂದ ತರಿಸಿ ಅಬುಧಾಬಿಯ ತೋಟಗಳಿಗೆ ಮಾರುತ್ತಿತ್ತು. ಅಗೆದ ಜೌಗಿಗೆ ಮತ್ತೆ ನೀರು ತುಂಬಿಸುವವರಿಂದ ಮಾತ್ರ ಪೀಟ್ ಕೊಳ್ಳುತ್ತೇವೆಂದು ಅಲ್ಲಿನ ಸರ್ಕಾರದ ಜೊತೆ ಕಂಪನಿಗೆ ಇವತ್ತೇ ಒಪ್ಪಂದ. ಬಂದವರಿಗೆ ತೋರಿಸಲು ಸಹಿಯ ಮೇಜಿನ ಮೇಲಿನ ಗಾಜಿನ ಬಟ್ಟಲಿಗೆ ಪೀಟ್ ತುಂಬುವುದು ವೀಸಾ ವಿಭಾಗದ ಡಿಕ್ಸನ್‌ನ ಪಾಲಿಗೆ ಬಂದಿತ್ತು. ಅವನೋ ಚೀಲ ಬಿಚ್ಚಿಯೂ ನೋಡಿದವನಲ್ಲ.

"ಇದೊಂದು ಸರಿ ಮಾಡು ಮಾರಾಯಾ, ನಿನ್ನ ರಜೆಗೆ ಸೈನ್ ಹಾಕ್ತೇನೆ," ಎಂದಿದ್ದರು ಉಡುಪಿಯ ಮ್ಯಾನೇಜರ್ ಪುರಂದರ. ಮುಂದಿನ ವಾರ ಶಿರ್ವದಲ್ಲಿ ತಂಗಿ ಜೆಸ್ಸಿಕಾಳ ಮದುವೆ. ಅಣ್ಣ ಬರದಿದ್ದರೆ ಅವಳು ಜನ್ಮದಲ್ಲಿ ಮಾತಾಡಿಸುವವಳಲ್ಲ.

ಆಫೀಸಿಗೆ ಬಂದ ಮೇಲೆ ಚೀಲದ ನೆನಪಾಗಿ ಡಿಕ್ಸನ್ ಗಾಬರಿಯಲ್ಲಿ ಮನೆಗೆ ಫೋನ್ ಮಾಡಿದ. ಎತ್ತಿದ್ದು ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ಕ್ಲಾರಾಬಾಯಿ.

"ಮಾಂಯ್, ಕಿಚನಲ್ಲಿ ಪೀಟ್ ಉಂಟಲ್ಲ? ಡ್ರೈವರ್ ಬರ್ತಾನೆ, ಕೊಡಿ."

"ಆಫೀಸಲ್ಲಿ ಪೀಟ್ ಎಂಥಕ್ಕೆ ಪುತಾ?"

"ದೊಡ್ಡವರು ಬರ್ತಾರೆ ಮಾಂಯ್. ಮೇಜಿನ ಮೇಲೆ ಇಡ್ಲಿಕ್ಕೆ."

ಕೊಂಕಣಿಯಲ್ಲಿ ಪೀಟ್ ಎಂದರೆ ಹಿಟ್ಟು. ದೊಡ್ಡವರೆಂದ ಮೇಲೆ ಬರೀ ಅಕ್ಕಿಹಿಟ್ಟು ಮರ್ಯಾದೆಯಲ್ಲವೆಂದು ಕ್ಲಾರಾಬಾಯಿ ಊರಿನಿಂದ ತಂದಿದ್ದ ಹುರಿದ ರಾಗಿಹಿಟ್ಟನ್ನೇ ಕಟ್ಟಿ ಕಳಿಸಿದರು. ಡಿಕ್ಸನ್ ನೆಮ್ಮದಿಯಿಂದ ಅದನ್ನು ಬಟ್ಟಲಿಗೆ ಸುರಿದ.

ಸರ್ಕಾರದ ಅಧಿಕಾರಿ ಮೇಡಂ ಬಂದು ಕೂತರು. "ಒಳ್ಳೆ ಪೀಟ್ ನೀರು ಕುಡಿಯುತ್ತದೆ, ನೋಡೋಣ," ಎನ್ನುತ್ತ ಬಟ್ಟಲಿಗೆ ನೀರು ಹೊಯ್ದು ಚಮಚದಲ್ಲಿ ಕದಡಿದರು. ಅದು ಅಂಬಲಿಯಾಯಿತು.

ಪುರಂದರ ಮೂಗರಳಿಸಿದರು. "ಎಂಥದಾ ಇದು? ರಾಗಿ ಪರಿಮಳ ಬರ್ತದಲ್ಲ!"

ಡಿಕ್ಸನ್‌ಗೆ ಎಲ್ಲ ಹೊಳೆಯಿತು. ಬೆವರೊರೆಸಿಕೊಳ್ಳುತ್ತ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡ. ಮದುವೆಯೂ ಹೋಯಿತು, ಕೆಲಸವೂ ಹೋಯಿತು ಎಂದು ಅವನಿಗೆ ಅಳುವೇ ಬಂತು.

ಆದರೆ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುರಂದರರ ಕಿವಿಯಲ್ಲಿ ಏನೋ ಹೇಳಿದರು. ಒಪ್ಪಂದಕ್ಕೆ ಸಹಿಯೂ ಬಿತ್ತು, ಫೋಟೊವೂ ಆಯಿತು.

ಪುರಂದರ ಡಿಕ್ಸನ್‌ನ ಬೆನ್ನು ತಟ್ಟಿದರು. "ಬದುಕಿದೆ ನೀನು. ನಾಡಿದ್ದೇ ಹೊರಡು, ಒಂದು ತಿಂಗಳು. ಟಿಕೆಟ್ ಕಂಪನಿದು."

ಡಿಕ್ಸನ್ ಪುರಂದರರ ಎರಡೂ ಕೈ ಹಿಡಿದುಕೊಂಡ. "ದೇವರು ಒಳ್ಳೇದು ಮಾಡ್ಲಿ ಸರ್! ಮಂಗಳೂರಿಗೆ ಬೆಳಗ್ಗಿನ ಫ್ಲೈಟೇ ಮಾಡಿ."

"ಮಂಗಳೂರಿಗೆ ಎಂಥಕ್ಕೆ? ಲಾಟ್ವಿಯಾಕ್ಕೆ! ಪೀಟ್ ಗೊತ್ತಿಲ್ಲದವನನ್ನು ಜೌಗಿನಲ್ಲೇ ನಿಲ್ಲಿಸಿ ಕಲಿಸ್ಬೇಕು ಅಂತ ಮೇಡಂ ಆರ್ಡರ್. ಗಂಬೂಟು ನಾನೇ ಕೊಡಿಸ್ತೇನೆ."