ಹಲ್ಲಿನ ಸೂಜಿ ಹಾಗೂ ‘ಇರುವೆ ಕಡಿದಂತೆ’ ಎಂಬ ಆಶ್ವಾಸನೆಯ ರದ್ದತಿ

ದಂತ ಮತ್ತು ದವಡೆ ಸಮಾಧಾನ ಇಲಾಖೆ
ವಿಭಾಗೀಯ ಕಚೇರಿ, ಪಾರ್ವತಿನಗರ, ಬಳ್ಳಾರಿ
(ಮೆಟ್ಟಿಲು ಹತ್ತಿ ಬಲಕ್ಕೆ; ಕೂಗು ಕೇಳಿಸುವ ಕಡೆ)

ಕ್ರಮಾಂಕ: ದದಸಇ/ಬಳ್ಳಾರಿ/ಸೂಜಿ/13/2025-26
ದಿನಾಂಕ: 12-05-2025

ಸುತ್ತೋಲೆ

ವಿಷಯ: ಹಲ್ಲು ಕೀಳುವ ಮುನ್ನ ವಸಡಿಗೆ ನೀಡುವ ಮರಗಟ್ಟಿಸುವ ಇಂಜೆಕ್ಷನ್ನನ್ನು, ರೋಗಿಯು ಕುರ್ಚಿ ಬಿಟ್ಟು ಓಡದ ರೀತಿಯಲ್ಲಿ ನೀಡುವ ಕುರಿತು.

ಉಲ್ಲೇಖ:
(ಅ) ಸಿರುಗುಪ್ಪದ ಶ್ರೀಮತಿ ಹೊನ್ನೂರಮ್ಮ ಅವರ ಮೌಖಿಕ ದೂರು, ದಿನಾಂಕ 24-04-2025 (ಬಾಯಿ ಅರ್ಧ ತೆರೆದ ಸ್ಥಿತಿಯಲ್ಲಿ ನೀಡಿದ್ದು).
(ಆ) ‘ರೋಗಿಗಳು ಧೈರ್ಯವಾಗಿರತಕ್ಕದ್ದು’ ಎಂಬ ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾವ ರೋಗಿಯೂ ಪಾಲಿಸಿರುವುದಿಲ್ಲ).
(ಇ) ಕೆಳಗೆ ಸಹಿ ಮಾಡಿದವರ ಸ್ವಂತ ದವಡೆ, ಎಡಭಾಗ.

ಪ್ರಸ್ತಾವನೆ:

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಅಕ್ಕಿ ಹಸನು ಮಾಡುವ ಶ್ರೀಮತಿ ಹೊನ್ನೂರಮ್ಮ ಅವರು ಬಲದವಡೆಯ ಕೀವುಗಟ್ಟಿದ ಹಲ್ಲನ್ನು ಕೀಳಿಸಿಕೊಳ್ಳಲು ಉಲ್ಲೇಖ (ಅ)ರ ದಿನ ಈ ಕಚೇರಿಗೆ ಹಾಜರಾಗಿದ್ದರು. ಆಗ ಅವರಿಗೆ ‘ಇರುವಿ ಕಡದಂಗ ಆಗತೈತಿ, ಅಷ್ಟ’ ಎಂದು ಹೇಳಲಾಯಿತು. ಹೇಳಿದವರು ಕೆಳಗೆ ಸಹಿ ಮಾಡಿದವರು. ನಂತರ ಒಂದು ನಿಮಿಷದಲ್ಲಿ ಒತ್ತಬೇಕಾದ ಔಷಧವನ್ನು ನಾಲ್ಕು ಸೆಕೆಂಡಿನಲ್ಲಿ ಒತ್ತಲು ಹೊರಡಲಾಯಿತು. ಒತ್ತಲು ಹೊರಟವರೂ ಅವರೇ.

ಸದರಿ ಹೊನ್ನೂರಮ್ಮ ಅವರು ಅರ್ಧದಲ್ಲೇ ಎದ್ದು, ‘ಮೂವತ್ತು ವರ್ಷ ನೆಲ್ಲಿನ ಗದ್ದ್ಯಾಗ ನಾಟಿ ಹಚ್ಚೀನಿ, ನಾ ನೋಡಲಾರದ ಇರುವಿ ಯಾವ್ದೈತಿ? ಯಾವೂರ ಇರುವಿ ಇದು, ಡಾಕ್ಟರಪ್ಪಾ?’ ಎಂದು ಪ್ರಶ್ನಿಸಿ, ಸಿರುಗುಪ್ಪದ ಬಸ್ಸು ಹತ್ತಿ ಹೋಗಿರುತ್ತಾರೆ. ಹಲ್ಲು ಅವರ ಬಾಯಲ್ಲೇ ಉಳಿದಿದೆ. ಕೆನ್ನೆ ಊದಿ ಕಣ್ಣಿನ ತನಕ ಬಂದಿದೆಯೆಂದೂ, ಲವಂಗ ಒತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆಂದೂ, ಏನು ಮಾಡಿದರೂ ಇತ್ತ ಬರಲೊಪ್ಪುತ್ತಿಲ್ಲವೆಂದೂ ತಿಳಿದುಬಂದಿದೆ. ಅಂಥ ಊತವನ್ನು ಹಾಗೇ ಬಿಟ್ಟರೆ ಏನಾದೀತೆಂಬುದು ಈ ಇಲಾಖೆಗೆ ಚೆನ್ನಾಗಿ ಗೊತ್ತಿದ್ದು, ಇಲಾಖೆಗೆ ಭಯವಾಗಿದೆ. ದಿನಾಂಕ 29-04-2025ರ ಸಿರುಗುಪ್ಪ ಶಿಬಿರಕ್ಕೆ ಒಬ್ಬ ರೋಗಿಯೂ ಬಂದಿಲ್ಲ. ಬಸ್ ನಿಲ್ದಾಣದಲ್ಲಿ ಹದಿನೇಳು ಮಂದಿ ಇರುವೆಯ ಯೋಗಕ್ಷೇಮ ವಿಚಾರಿಸಿದ್ದಾರೆ.

ಆದ್ದರಿಂದ ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡಿನ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ‘ಇರುವೆ ಕಡಿದಂತೆ’ ಎಂಬ ಮಾತನ್ನು ತಕ್ಷಣದಿಂದ ಜಾರಿಗೆ ಬರುವಂತೆ ರದ್ದುಪಡಿಸಲಾಗಿದೆ. ಮಾತಿನ ಸತ್ಯಾಸತ್ಯತೆ ಪರಿಶೀಲಿಸಲು ಸಹಾಯಕರಾದ ಶ್ರೀ ಮಾರೆಣ್ಣ ಅವರ ಏಕಸದಸ್ಯ ಸಮಿತಿಯನ್ನು ರಚಿಸಲಾಗಿತ್ತು. ಸಮಿತಿಯು ಕಚೇರಿಯ ಸಕ್ಕರೆ ಡಬ್ಬಿ, ಹಿತ್ತಲ ಬೇವಿನ ಮರ ಮತ್ತು ಸಂಗನಕಲ್ಲು ಗುಡ್ಡದ ಬುಡ, ಈ ಮೂರೂ ಕಡೆ ಖುದ್ದಾಗಿ ಕಡಿಸಿಕೊಂಡು, ಯಾವ ಇರುವೆಯೂ ಸದರಿ ಸೂಜಿಗೆ ಸಮನಲ್ಲವೆಂದೂ, ಇರುವೆಗಳ ಹೆಸರನ್ನು ವಿನಾಕಾರಣ ಕೆಡಿಸಲಾಗಿದೆಯೆಂದೂ ವರದಿ ಸಲ್ಲಿಸಿದೆ. ‘ಸೊಳ್ಳೆ’, ‘ಮುಳ್ಳು’ ಮತ್ತು ‘ಸ್ವಲ್ಪ ಚಿವುಟಿದಂಗ’ ಎಂಬ ಮಾತುಗಳು ಪರಿಶೀಲನೆಯಲ್ಲಿದ್ದು, ಸಮಿತಿಯು ವೈದ್ಯಕೀಯ ರಜೆಯಿಂದ ಮರಳುವವರೆಗೆ ಅವುಗಳನ್ನೂ ಬಳಸುವಂತಿಲ್ಲ.

2. ಸೂಜಿಗೆ ಮುನ್ನ ವಸಡಿಗೆ ಹಚ್ಚುವ, ಜೋಮು ಹಿಡಿಸುವ ಜೆಲ್ಲಿಯನ್ನು ಎರಡು ನಿಮಿಷ ಬಿಡತಕ್ಕದ್ದು. ಜೆಲ್ಲಿಯನ್ನು ವಸಡಿಗೆ ತೋರಿಸಿದ ಕೂಡಲೇ ಚುಚ್ಚುವುದು ಜೆಲ್ಲಿಗೂ ವಸಡಿಗೂ ಮಾಡುವ ಅವಮಾನವೆಂದು ಪರಿಗಣಿಸಲಾಗುವುದು. ಕುರುಗೋಡು ಶಿಬಿರದಲ್ಲಿ ಜೆಲ್ಲಿಯ ಹಣ್ಣಿನ ರುಚಿಗೆ ಮರುಳಾಗಿ ‘ಇನ್ನೊಂಚೂರು ಹಾಕ್ರಿ’ ಎಂದವರಿಗೆ ಎರಡನೇ ಬಾರಿ ಬಡಿಸತಕ್ಕದ್ದಲ್ಲ.

3. ಔಷಧವು ತಣ್ಣಗಿದ್ದರೆ ಹೆಚ್ಚು ನೋಯುವುದರಿಂದ ಅದನ್ನು ಮೈಬಿಸಿಗೆ ತರಬೇಕೆಂಬ ನಿಯಮವಿದೆ. ಈ ಸಂಬಂಧ ಶ್ರೀ ಮಾರೆಣ್ಣ ಅವರ ಬಲಗಂಕುಳನ್ನು ಅಧಿಕೃತ ಉಷ್ಣಸ್ಥಳವೆಂದು ಜನವರಿಯಲ್ಲಿ ಘೋಷಿಸಲಾಗಿತ್ತು. ಈಗ ಮೇ ತಿಂಗಳಾಗಿದ್ದು, ಬಳ್ಳಾರಿಯಲ್ಲಿ ಕಪಾಟಿನೊಳಗಿನ ಔಷಧವೇ ರೋಗಿಗಿಂತ ಬಿಸಿಯಾಗಿರುವುದು ಕಂಡುಬಂದಿದೆ. ಆದುದರಿಂದ ಮುಂದಿನ ಆದೇಶದವರೆಗೆ ಕಂಕುಳನ್ನು ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ.

4. ದಪ್ಪ ಸೂಜಿಗಳ ಬದಲು ತೆಳು ಸೂಜಿಗಳನ್ನು ಬಳಸತಕ್ಕದ್ದು. ಹಳೆಯ ದಪ್ಪ ಸೂಜಿಗಳನ್ನು ಶಿಲಾಯುಗದ ಉಪಕರಣಗಳ ಸಾಲಿಗೆ ಸೇರಿಸಿಕೊಳ್ಳಲು ಸಾಧ್ಯವೇ ಎಂದು ಊರಿನ ವಸ್ತುಸಂಗ್ರಹಾಲಯದವರನ್ನು ವಿಚಾರಿಸಲಾಗಿದ್ದು, ಅಷ್ಟು ಹಳೆಯದನ್ನು ತಾವು ಇಟ್ಟುಕೊಳ್ಳುವುದಿಲ್ಲವೆಂಬ ಉತ್ತರ ಬಂದಿದೆ.

5. ಸೂಜಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಗುತ್ತಾ ಬರುವುದನ್ನು ನಿಲ್ಲಿಸತಕ್ಕದ್ದು. ಕೋಳಿ ಕದ್ದವನ ನಡಿಗೆ ಎಲ್ಲ ರೋಗಿಗಳಿಗೂ ಪರಿಚಿತವಾಗಿದೆ.

6. ಔಷಧವನ್ನು ನಿಧಾನವಾಗಿ ಒತ್ತತಕ್ಕದ್ದು. ಗೋಡೆ ಗಡಿಯಾರ ಕೆಟ್ಟಿರುವುದರಿಂದ ವೈದ್ಯರು ಒತ್ತುವಾಗ ಮನಸ್ಸಿನಲ್ಲಿ ಹದಿಮೂರರ ಮಗ್ಗಿಯನ್ನು ಪೂರ್ತಿ ಹೇಳಿಕೊಳ್ಳತಕ್ಕದ್ದು; ತಪ್ಪಿದಲ್ಲಿ ಮೊದಲಿನಿಂದ. ಕೆಳಗೆ ಸಹಿ ಮಾಡಿದವರು ಹದಿಮೂರೇಳರಲ್ಲಿ ಪ್ರತಿ ಸಲವೂ ಸಿಕ್ಕಿಕೊಳ್ಳುವುದರಿಂದ ಅವರ ಸೂಜಿಯು ಈಗ ಜಿಲ್ಲೆಯಲ್ಲೇ ಅತಿ ನಿಧಾನದ್ದಾಗಿದೆ. ಅವರ ಗಣಿತದ ಮೇಷ್ಟರು ಬದುಕಿದ್ದರೆ ಇದನ್ನು ನಂಬುತ್ತಿರಲಿಲ್ಲ.

7. ಚುಚ್ಚುವಾಗ ಕೆನ್ನೆಯನ್ನು ಹಿಡಿದು ಮೆಲ್ಲಗೆ ಅಲುಗಿಸಿದರೆ ನೋವು ಕಡಿಮೆ ತಿಳಿಯುತ್ತದೆ. ಆದರೆ ಯಾರ ಕೆನ್ನೆಯನ್ನೂ ಅವರಿಗೆ ಶಾಲೆ ನೆನಪಾಗುವಷ್ಟು ಹಿಂಡತಕ್ಕದ್ದಲ್ಲ.

8. ಗಮನ ಬೇರೆಡೆ ಸೆಳೆಯಲು ರೋಗಿಯ ಬಾಯಲ್ಲಿ ಕೈಯಿಟ್ಟು ‘ಯಾವೂರಾತ್ರಿ ನಿಮ್ದು?’ ಎಂದು ಕೇಳುವ ರೂಢಿಯನ್ನು ಕೈಬಿಡತಕ್ಕದ್ದು. ಬಾಯಿ ತೆರೆದ ಸಿರುಗುಪ್ಪದವರೂ ಬಾಯಿ ತೆರೆದ ಕುರುಗೋಡಿನವರೂ ಒಂದೇ ಉತ್ತರ ಕೊಡುತ್ತಿದ್ದು, ಕಳೆದ ಸಾಲಿನ ರಿಜಿಸ್ಟರಿನಲ್ಲಿ ಜನ ಅದಲುಬದಲಾಗಿದ್ದಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಗಳ ಮಾತೂ ಬೇಡ. ಮುಂದಿನ ಎರಡು ತಾಸು ಏನನ್ನೂ ತಿನ್ನಲಾಗದವರ ಮುಂದೆ ಅದು ಕ್ರೌರ್ಯ.

9. ಸೂಜಿ ಚುಚ್ಚುವ ಪ್ರತಿಯೊಬ್ಬರೂ ಒಮ್ಮೆ ಚುಚ್ಚಿಸಿಕೊಳ್ಳತಕ್ಕದ್ದು. ಇದರನ್ವಯ ಉಲ್ಲೇಖ (ಇ)ರ ದವಡೆಯನ್ನು ದಿನಾಂಕ 08-05-2025ರಂದು ಕಿರಿಯ ವೈದ್ಯೆ ಡಾ. ಚೈತ್ರಾ ಅವರ ಮುಂದೆ ಹಾಜರುಪಡಿಸಲಾಯಿತು. ಸದರಿ ದವಡೆಯ ಹುಳುಕುಹಲ್ಲಿಗೆ ಆರು ವರ್ಷ ಸಂದಿದೆ. ‘ಹಲ್ಲುನೋವನ್ನು ಮುಂದೂಡಬೇಡಿ’ ಎಂಬ ಫಲಕದ ಕೆಳಗೇ ಕೂತು ಅದನ್ನು ಮುಂದೂಡಲಾಗಿತ್ತು. ಕುರ್ಚಿಯಲ್ಲಿ ಕೂತ ಮೇಲೆ ಮೂರು ಸಲ ನೀರು ಕೇಳಲಾಯಿತು. ಔಷಧದ ಅವಧಿ ಮುಗಿದಿದೆಯೇ ಎಂದು ಎರಡು ಸಲ ಓದಲಾಯಿತು. ಕುರುಗೋಡಿನಲ್ಲಿ ತುರ್ತು ಶಿಬಿರವಿದೆಯೆಂದು ತಿಳಿಸಲಾಯಿತು. ಅಂದು ಯಾವ ಶಿಬಿರವೂ ಇರಲಿಲ್ಲ.

ಆಗ ಡಾ. ಚೈತ್ರಾ ಅವರು, ‘ನೋವಾಗತೈತಿ ಸರ್. ಹತ್ತು ಎಣಿಸೋತನಕ ಉರೀತೈತಿ, ಆಮ್ಯಾಲ ಇರಂಗಿಲ್ಲ. ತಡಕಳ್ಳಾಕ ಆಗಲಿಲ್ಲಂದ್ರ ಎಡಗೈ ಎತ್ರಿ, ನಾ ನಿಲ್ಲಸ್ತೀನಿ’ ಎಂದರು. ಎಣಿಕೆ ಆರಕ್ಕೆ ಬಂದಾಗ ಕೈ ಎತ್ತಲಾಯಿತು. ಅವರು ನಿಲ್ಲಿಸಿದರು. ಅಷ್ಟೇ. ಆಮೇಲೆ ನೋವು ಇದ್ದರೂ ಹೆದರಿಕೆ ಇರಲಿಲ್ಲ.

10. ಈ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೋಗಿಗಳು ಕೈ ಎತ್ತುತ್ತಲೇ ಬಂದಿದ್ದಾರೆ. ಎತ್ತಿದ ಕೈಯನ್ನು ಹಿಡಿದು ಕೆಳಗೆ ಒತ್ತಲು ಶ್ರೀ ಮಾರೆಣ್ಣ ಅವರನ್ನು ನಿಯೋಜಿಸಲಾಗಿತ್ತು. ನಿಯೋಜಿಸಿದವರು ಕೆಳಗೆ ಸಹಿ ಮಾಡಿದವರು. ಹೊನ್ನೂರಮ್ಮ ಅವರೂ ಮೊದಲು ಕೈಯನ್ನೇ ಎತ್ತಿದ್ದರು. ಇದಕ್ಕೆ ನಿಯಮಗಳಲ್ಲಿ ಸರಿಯಾದ ಪದ ಸಿಗಲಿಲ್ಲ. ನಾಚಿಕೆಯಾಗಿದೆ ಎಂದು ನಮೂದಿಸಲಾಗಿದೆ.

11. ಇನ್ನು ಮುಂದೆ ಕೈ ಎತ್ತಿದ ಕೂಡಲೇ ನಿಲ್ಲಿಸತಕ್ಕದ್ದು. ಎಷ್ಟು ಸಲ ಎತ್ತಿದರೂ ಅಷ್ಟು ಸಲ. ನೊಣ ಓಡಿಸಲು ಎತ್ತಿದರೂ ನಿಲ್ಲಿಸತಕ್ಕದ್ದು. ಶ್ರೀ ಮಾರೆಣ್ಣ ಅವರು ರೋಗಿ ಕೇಳಿದರೆ ಮಾತ್ರ ಕೈ ಹಿಡಿಯಬಹುದು. ಬಿಡು ಎಂದಾಗ ಬಿಡತಕ್ಕದ್ದು.

ಮೇಲ್ಕಂಡವುಗಳನ್ನು ಪಾಲಿಸಲು ತಪ್ಪಿದವರನ್ನು ಕುರ್ಚಿಯಲ್ಲಿ ಕೂರಿಸಲಾಗುವುದು.

(ಸಹಿ)
ಡಾ. ಪ್ರಭುಲಿಂಗ
ವಿಭಾಗೀಯ ದಂತಾಧಿಕಾರಿ
(ಎಡಗೆನ್ನೆ ಮರಗಟ್ಟಿದ ದಿನ ಕರಡು ಬರೆದಿದ್ದು, ಸಹಿ ಪೂರ್ಣ ಎಚ್ಚರದಲ್ಲಿ)

ಪ್ರತಿಗಳು:

1. ಡಾ. ಚೈತ್ರಾ ಅವರಿಗೆ, ಮಾಹಿತಿಗಾಗಿ. ಅವರಿಗೆ ಮೊದಲೇ ಗೊತ್ತಿತ್ತು.
2. ಶ್ರೀ ಮಾರೆಣ್ಣ ಅವರಿಗೆ, ಕಂಕುಳ ಬಿಡುಗಡೆ ಆದೇಶದೊಂದಿಗೆ.
3. ಕುರುಗೋಡು ಶಿಬಿರದ ಉಸ್ತುವಾರಿಗೆ, ಜೆಲ್ಲಿಯ ಕಪಾಟಿಗೆ ಬೀಗ ಹಾಕಲು ಕೋರಿ.
4. ಶ್ರೀಮತಿ ಹೊನ್ನೂರಮ್ಮ, ಸಿರುಗುಪ್ಪ, ಇವರಿಗೆ. ಮೇಲೆ ಸಹಿ ಮಾಡಿದವರೇ ಬಸ್ಸಿನಲ್ಲಿ ಹೋಗಿ, ಗಿರಣಿಯ ಬಾಗಿಲಲ್ಲಿ ನಿಂತು, ಹತ್ತನೇ ಅಂಶವನ್ನು ಎರಡು ಸಲ ಓದಿ ಹೇಳಿ ತಲುಪಿಸಿದ್ದಾರೆ.
5. ಕಚೇರಿ ಕಡತಕ್ಕೆ, ನಂತರ ಸೇರಿಸಿದ ಈ ಟಿಪ್ಪಣಿಯೊಂದಿಗೆ: ದಿನಾಂಕ 15-05-2025ರಂದು ಸದರಿ ಹೊನ್ನೂರಮ್ಮ ಅವರು ಹಾಜರಾದರು. ‘ನೋವಾಗತೈತಿ, ಹತ್ತು ಎಣಿಸೋತನಕ’ ಎಂದು ತಿಳಿಸಲಾಯಿತು. ಏಳು ಸಲ ಕೈ ಎತ್ತಿದರು, ಏಳು ಸಲವೂ ನಿಲ್ಲಿಸಲಾಯಿತು. ಮೊದಲ ನಾಲ್ಕು ಸಲ ಸೂಜಿ ಇನ್ನೂ ಬಾಯಿಯ ಹತ್ತಿರವೂ ಬಂದಿರಲಿಲ್ಲ. ಎಂಟನೇ ಸಲ ಕೈ ಎತ್ತಲಿಲ್ಲ. ಹಲ್ಲು ತೆಗೆಯಲಾಯಿತು. ಹತ್ತಿ ಕಚ್ಚಿಕೊಂಡೇ ಸದರಿಯವರು, ‘ನೋವಾತು ಡಾಕ್ಟರಪ್ಪಾ. ಆದ್ರ ನೀ ಹೇಳಿದಷ್ಟ ಆತು’ ಎಂದಿರುತ್ತಾರೆ. ಇದನ್ನು ಪ್ರಶಂಸೆಯೆಂದು ದಾಖಲಿಸಲಾಗಿದೆ. ಇಪ್ಪತ್ತೆರಡು ವರ್ಷಗಳಲ್ಲಿ ಇದು ಮೊದಲನೆಯದು.