ಒಂದು ಸಲಕ್ಕೆ ಒಂದೇ ಕಾರಣ

ಒಬ್ಬ ಮನುಷ್ಯನು ಒಂದು ಸಲಕ್ಕೆ ಒಂದೇ ಕಾರಣಕ್ಕಾಗಿ ನಿರಾಶ್ರಿತನಾಗತಕ್ಕದ್ದು ಎಂಬುದು ಪರಿಹಾರ ಕಚೇರಿಯ ಮೂಲ ನಿಯಮ. ನಿಯಮ ಒಳ್ಳೆಯದೇ. ಕಚೇರಿಯಲ್ಲಿ ಇದ್ದದ್ದು ಎರಡು ಕೊಠಡಿ. ಎಡಗಡೆ ಯುದ್ಧ ವಿಭಾಗ, ಬಲಗಡೆ ಪ್ರಕೃತಿ ವಿಕೋಪ ವಿಭಾಗ. ಒಬ್ಬನೇ ಎರಡೂ ಕಡೆ ಕಂಬಳಿ ಕೇಳಿದರೆ ಅವನಿಗಿರುವುದು ಎಷ್ಟು ಮೈ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಮೂರನೆಯ ಕೊಠಡಿ ಇರಲಿಲ್ಲ.

ಈ ನಿಯಮಕ್ಕೆ ತೊಂದರೆಯಾದದ್ದು ಸ್ಟವ್ ರಿಪೇರಿಯವನ ಸಂಸಾರದಿಂದ. ಸಂಸಾರವೆಂದರೆ ಅವನು, ಅವನ ತುಂಬು ಬಸುರಿ ಹೆಂಡತಿ, ಮತ್ತು ಅವಳ ತಾಯಿ. ಅವರ ಊರಿನಲ್ಲಿ ಎರಡು ಸೈನ್ಯಗಳು ಹೊಡೆದಾಡುತ್ತ ಹೊಡೆದಾಡುತ್ತ, ಗಡಿ ಬಂದು ಇವರ ಮನೆಯ ನಡುವೆಯೇ ನಿಂತಿತು. ನಡುಮನೆ ಒಬ್ಬರ ವಶ, ಅಡುಗೆಮನೆ ಇನ್ನೊಬ್ಬರ ವಶ. ಅತ್ತೆ ಕೆಲವು ದಿನ ಎರಡೂ ಕಡೆಯ ಸಿಪಾಯಿಗಳಿಗೆ ಹೇಳಿ, ಗಡಿ ದಾಟಿ ಉಪ್ಪಿನ ಡಬ್ಬಿ ತರುತ್ತಿದ್ದಳು. ಕೊನೆಗೆ ಒಲೆಯ ಮೇಲೆಯೇ ಗುಂಡು ಬಿತ್ತು. ಇನ್ನು ಇಲ್ಲಿ ಬೇಯುವುದು ನಾವೇ ಎಂದು ಅವಳು ಮಗಳು ಅಳಿಯನನ್ನು ಎಬ್ಬಿಸಿಕೊಂಡು ಹೊರಟುಬಂದಳು.

ಯುದ್ಧ ವಿಭಾಗ ಅವರಿಗೆ ವಿಶಾಲವಾದ ಮರಳಿನ ಮೈದಾನದಲ್ಲಿ ಒಂದು ಡೇರೆ ಕೊಟ್ಟಿತು. ಅದು ಹಿಂದೆ ನದಿಯಾಗಿತ್ತು. ಮಳೆ ಮುನಿಸಿಕೊಂಡು ವರ್ಷಗಳೇ ಆಗಿದ್ದರಿಂದ ನಕ್ಷೆಯಲ್ಲಿ ಅದನ್ನು ಮೈದಾನವೆಂದು ತಿದ್ದಲಾಗಿತ್ತು. ತಿದ್ದುಪಡಿಯ ಪ್ರತಿಯನ್ನು ನದಿಗೆ ಕಳಿಸಿರಲಿಲ್ಲ. ಹೀಗಾಗಿ ಕಡುಬೇಸಿಗೆಯಲ್ಲಿ, ಯಾರೂ ಕರೆಯದ ಮಳೆ ಸುರಿದಾಗ, ನದಿ ತನ್ನ ಹಳೆಯ ವಿಳಾಸಕ್ಕೇ ಬಂತು.

ಉಳಿದ ಡೇರೆಗಳವರು ಸಿಕ್ಕ ಸಿಕ್ಕ ಎತ್ತರಕ್ಕೆ ಓಡಿದರು. ಬಸುರಿಗೆ ಓಡಲು ಆಗಲಿಲ್ಲ. ಸ್ಟವ್ ರಿಪೇರಿಯವನು ಹೆಂಡತಿಯನ್ನೂ ಅತ್ತೆಯನ್ನೂ ಒಂದು ಮರಳುದಿಬ್ಬದ ಮೇಲೆ ಕೂರಿಸಿ, ಸೊಂಟದುದ್ದ ನೀರಿನಲ್ಲಿ ನಡೆದು ಕಚೇರಿಗೆ ಬಂದ. ಯುದ್ಧ ವಿಭಾಗದ ಸಾಹೇಬರು ಅವನಿಗೆ ಕುರ್ಚಿ ತೋರಿಸಿದರು. ಕುರ್ಚಿ ಒದ್ದೆಯಾಗುತ್ತದೆಂದು ಅವನೇ ನಿಂತುಕೊಂಡ.

"ಈ ಸಲ ನಿಮ್ಮನ್ನ ಓಡಿಸಿದ್ದು ಯಾರು?"

"ನೀರು, ಸಾರ್."

"ನೀರಿನ ಕೈಲಿ ಬಂದೂಕ ಇತ್ತಾ?"

"ಇರಲಿಲ್ಲ."

ಹಾಗಾದರೆ ಪಕ್ಕದ ಕೊಠಡಿ ಎಂದು ಸಾಹೇಬರು ಬೇಸರದಿಂದಲೇ ಹೇಳಿದರು. ಅವನ ಬಗ್ಗೆ ಅವರಿಗೆ ಕನಿಕರವಿತ್ತು. ಎರಡೂ ಸೈನ್ಯಗಳಿಗೆ ಪತ್ರ ಬರೆದು, ಆ ದಿಬ್ಬದ ಕಡೆ ನಾಲ್ಕು ಗುಂಡು ಹಾರಿಸಲು ಸಾಧ್ಯವೇ ಎಂದು ವಿಚಾರಿಸುವುದಾಗಿಯೂ ಹೇಳಿದರು. ಅವನು ಕೈಮುಗಿದು, ಅಷ್ಟೆಲ್ಲ ತೊಂದರೆ ತೆಗೆದುಕೊಳ್ಳಬೇಡಿ ಎಂದ.

ಪ್ರಕೃತಿ ವಿಕೋಪ ವಿಭಾಗದ ಬಾಗಿಲಿಗೆ ಒಂದು ಹಲಗೆ ತೂಗುಬಿಟ್ಟಿದ್ದರು. ಒಂದು ಮಗ್ಗುಲಲ್ಲಿ 'ನೆರೆ', ಇನ್ನೊಂದು ಮಗ್ಗುಲಲ್ಲಿ 'ಬರ'. ಬೇಸಿಗೆಯಾದ್ದರಿಂದ ಅದನ್ನು ಬರದ ಕಡೆಗೆ ತಿರುಗಿಸಿದ್ದರು. ಒಳಗಿದ್ದ ಮೇಡಂ ಅವನ ಮಾತನ್ನು ಪೂರ್ತಿ ಕೇಳಿದರು. ಬಸುರಿ ಊಟ ಮಾಡಿದ್ದಾಳೋ ಇಲ್ಲವೋ ಎಂದು ವಿಚಾರಿಸಿ ತಮ್ಮ ಡಬ್ಬಿಯನ್ನೇ ಎತ್ತಿಕೊಟ್ಟರು. ಆದರೆ ನೆರೆ ಬೇಕಿದ್ದರೆ ಮಳೆಗಾಲದಲ್ಲಿ ಬರಬೇಕು ಎಂದರು.

"ನೀರು ಈಗಲೇ ಬಂದಿದೆ, ಮೇಡಂ."

"ಅದು ನೀರಿನ ತಪ್ಪು. ನನ್ನ ಕೈಲಿ ಈಗ ಇರೋದು ಟ್ಯಾಂಕರ್. ಬರಗಾಲದವರಿಗೆ ಕುಡಿಯೋ ನೀರು. ಬೇಕಾ?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಟ್ಯಾಂಕರು ಹುಲ್ಲುಕಡ್ಡಿಗಿಂತ ದೊಡ್ಡದು ಎಂದು ಲೆಕ್ಕ ಹಾಕಿ ಅವನು ಬೇಕು ಎಂದ.

ಹೀಗೆ ನೆರೆಯ ನಡುವೆ, ಸರ್ಕಾರದ ವತಿಯಿಂದ, ನೀರಿನ ಟ್ಯಾಂಕರು ಬಂತು. ಚಾಲಕ ಗಾಡಿಯನ್ನು ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಟ್ಯಾಂಕರು ತುಂಬಿದ ನೀರಿನೊಂದಿಗೆ ಹಿಂದಿರುಗಕೂಡದೆಂಬ ಆದೇಶವಿದ್ದುದರಿಂದ, ಕೊಳಾಯಿ ತಿರುಗಿಸಿ ನೀರನ್ನು ನೀರಿಗೆ ಬಿಡತೊಡಗಿದ. ಕುಡಿಯಲು ಒಂದು ಹನಿ ಇಲ್ಲದೆ ಕೂತಿದ್ದ ಅತ್ತೆ ಅವನನ್ನು ಬೈದು, ಮೊದಲು ಕೊಡ ಹಿಡಿದಳು. ಕೊಡ ತುಂಬಿದ ಮೇಲೆ, ಮಗಳನ್ನು ಗಾಡಿಯ ಮೇಲೆ ಹತ್ತಿಸು ಎಂದಳು. ಟ್ಯಾಂಕರಿನಲ್ಲಿ ಮನುಷ್ಯರನ್ನು ಸಾಗಿಸುವಂತಿಲ್ಲ ಎಂದು ಚಾಲಕ ತಲೆಯಾಡಿಸಿದ.

"ಇವಳು ಈಗ ಮನುಷ್ಯಳಲ್ಲಪ್ಪ, ತುಂಬಿದ ಕೊಡ. ತುಳುಕದ ಹಾಗೆ ಎತ್ತಿಡು."

ಕೊಡದ ವಿರುದ್ಧ ಆದೇಶವೇನೂ ಇರಲಿಲ್ಲ. ಅವನು ಎತ್ತಿಟ್ಟ. ಉಳಿದಿಬ್ಬರು ಕೊಡ ಹಿಡಿದುಕೊಳ್ಳುವವರೆಂದು ಹತ್ತಿದರು.

ಅವರು ಕಚೇರಿ ತಲುಪುವಷ್ಟರಲ್ಲಿ ನೀರು ಕಚೇರಿಗೂ ಬಂದಿತ್ತು. ಅದು ಯಾವ ವಿಭಾಗವನ್ನೂ ಕೇಳದೆ ಎರಡೂ ಕೊಠಡಿಗೆ ಒಟ್ಟಿಗೇ ನುಗ್ಗಿತ್ತು. ಸಾಹೇಬರು ಕಂಬಳಿಯ ಕಟ್ಟುಗಳನ್ನೂ ಮೇಡಂ ತಮ್ಮ ಹಲಗೆಯನ್ನೂ ತಾರಸಿಗೆ ಸಾಗಿಸಿ, ತುಂತುರು ಮಳೆಯಲ್ಲಿ ನಿಂತಿದ್ದರು. ಸಂಸಾರವೂ ತಾರಸಿಗೆ ಹತ್ತಿ, ನೀರಿನ ತೊಟ್ಟಿಯ ಮಗ್ಗುಲಲ್ಲಿ ಕೂತಿತು. ಬಸುರಿ ಚಳಿಗೆ ನಡುಗತೊಡಗಿದಳು. ಕಂಬಳಿ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ಅದು ಯುದ್ಧದ ಕಂಬಳಿ.

ಸ್ವಲ್ಪ ಹೊತ್ತಿಗೆ ಎರಡೂ ಸೈನ್ಯಗಳು ಬಂದವು. ಅವರ ಕಂದಕಗಳೂ ತುಂಬಿ, ಸುತ್ತಲೂ ಕಾಣುವ ಎತ್ತರವೆಂದರೆ ಈ ತಾರಸಿಯೊಂದೇ ಆಗಿತ್ತು. ಎರಡು ಪಡೆಗಳ ನಾಯಕರೂ ಒಬ್ಬರಿಗೊಬ್ಬರು ಕೈಕೊಟ್ಟು ಮೇಲೆ ಹತ್ತಿ, ಹತ್ತಿದ ಕೂಡಲೇ ತಾರಸಿಯ ನಡುವೆ ಇಟ್ಟಿಗೆ ಚೂರಿನಿಂದ ಗೆರೆ ಎಳೆದು, ಅತ್ತ ಇತ್ತ ನಿಂತರು.

ಸಾಹೇಬರ ಮುಖ ಅರಳಿತು. ಅವರು ಒಬ್ಬ ನಾಯಕನ ಬಳಿಗೆ ಹೋಗಿ, ದಯಮಾಡಿ ಈ ಸಂಸಾರವನ್ನು ಇಲ್ಲಿಂದ ತಾರಸಿಯ ಮೂಲೆಯ ಮೆಟ್ಟಿಲ ಕೋಣೆಯವರೆಗೆ ಓಡಿಸಿಕೊಡಬೇಕೆಂದು ಕೋರಿದರು. ಬಂದೂಕು ಒದ್ದೆಯಾಗಿದೆ ಎಂದು ನಾಯಕ ಸಂಕೋಚಪಟ್ಟ. ಬಾಯಿಮಾತು ಸಾಕು ಎಂದರು ಸಾಹೇಬರು. ಅವನು ಬಸುರಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಸ್ವಲ್ಪ ಆ ಕಡೆ ಹೋಗ್ತೀರಾ?"

ಇದು ಆಮಂತ್ರಣವಾಯಿತೇ ಹೊರತು ಒಕ್ಕಲೆಬ್ಬಿಸಿದಂತಾಗಲಿಲ್ಲ ಎಂದು ಸಾಹೇಬರು ಆಕ್ಷೇಪಿಸಿದರು. ನಾಯಕ ಈ ಸಲ ಕಣ್ಣು ಮುಚ್ಚಿಕೊಂಡು ಗದರಿದ. ಹೆಂಗಸಿಗೆ ಏಳಲು ಆಗದ್ದನ್ನು ಕಂಡು, ತಾನೇ ತೋಳು ಹಿಡಿದು ಮೆಟ್ಟಿಲ ಕೋಣೆಗೆ ಕರೆದೊಯ್ದ. ಎದುರು ಪಕ್ಷವೂ ಹಿಂದೆ ಬೀಳಲಿಲ್ಲ. ಅದರ ನಾಯಕ ಕೊಡವನ್ನೂ ಗಂಟುಮೂಟೆಯನ್ನೂ ಹೊತ್ತು ತಂದು ಒಳಗಿಟ್ಟು, ತಾನೂ ಒಮ್ಮೆ ಗದರಿ ಹೋದ. ಎರಡು ಸೈನ್ಯಗಳಿಂದ ಏಕಕಾಲಕ್ಕೆ ನಿರಾಶ್ರಿತರಾದವರೆಂದು ಸಂಸಾರಕ್ಕೆ ಕೂಡಲೇ ಕಂಬಳಿ ಸಿಕ್ಕಿತು.

ಆ ಮಧ್ಯಾಹ್ನವೇ ನೋವು ಶುರುವಾಯಿತು. ಬಿಸಿನೀರು ಬೇಕಾಗಿತ್ತು. ಕಚೇರಿಯ ಜವಾನ ತಾರಸಿಗೆ ಹೊತ್ತು ತಂದಿದ್ದ ಚಹಾದ ಸ್ಟವ್ವು ಏನು ಮಾಡಿದರೂ ಹೊತ್ತಲಿಲ್ಲ. ಸ್ಟವ್ ರಿಪೇರಿಯವನು ಅತ್ತೆಯ ಸೆರಗಿನ ಪಿನ್ನು ಇಸಿದುಕೊಂಡು ಸ್ಟವ್ವಿನ ಕಟ್ಟಿಕೊಂಡ ಕಣ್ಣು ಬಿಡಿಸತೊಡಗಿದ. ಜೀವನವಿಡೀ ಮಾಡಿದ ಕೆಲಸ. ಆದರೂ ಹೆಂಡತಿ ಕೂಗಿದಾಗಲೆಲ್ಲ ಪಿನ್ನು ಜಾರುತ್ತಿತ್ತು. ಸಿಪಾಯಿಗಳು ಸುತ್ತ ನಿಂತು ಗಾಳಿಗೆ ಮರೆಮಾಡಿದರು, ಯಾವ ಪಕ್ಷದವರು ಯಾವ ಕಡೆಯ ಗಾಳಿಗೆಂದು ನೋಡದೆ. ಸ್ಟವ್ವು ನೀಲಿಯಾಗಿ ಉರಿಯಿತು. ನೀರು ಕುದಿಯಿತು. ಅತ್ತೆ ಬಾಗಿಲು ಹಾಕಿಕೊಂಡಳು. ಹೊತ್ತು ಇಳಿಯುವ ಮುಂಚೆ ಒಳಗಿನಿಂದ ಹೊಸ ಅಳು ಕೇಳಿತು. ಹೆಣ್ಣು ಮಗು. ಸ್ಟವ್ ರಿಪೇರಿಯವನು ಉರಿಯುತ್ತಿದ್ದ ಸ್ಟವ್ವಿನ ಮುಂದೆಯೇ ಕುಕ್ಕರಿಸಿ, ಸಿಪಾಯಿಗಳಿಗೆ ಕಾಣದ ಹಾಗೆ ಅತ್ತ. ಹೊಗೆ ಎಂದು ಅವರಿಗೆ ಹೇಳಿದ.

ಮರುದಿನ ಕೇಂದ್ರ ಕಚೇರಿಯಿಂದ ಅಕ್ಕಿ, ಹಾಲಿನಪುಡಿ ತುಂಬಿದ ದೋಣಿ ಬಂತು. ದೋಣಿಯ ಮೇಲ್ವಿಚಾರಕ ಹಗ್ಗ ಕಟ್ಟುವ ಮೊದಲೇ ಒಂದು ವಿಷಯ ಸ್ಪಷ್ಟಪಡಿಸಿದ. ಸ್ಥಳೀಯ ನಿವಾಸಿಗಳ ಒಪ್ಪಿಗೆ ಇಲ್ಲದೆ ಎಲ್ಲಿಯೂ ನೆರವನ್ನು ಇಳಿಸುವಂತಿಲ್ಲ. ತಾರಸಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬರು ವರ್ಗವಾಗಿ ಬಂದವರು, ಮೇಡಂ ಎರವಲು ಸೇವೆಯವರು, ಜವಾನ ಪರವೂರಿನವನು, ಸೈನ್ಯಗಳು ದಂಡೆತ್ತಿ ಬಂದವು, ಸಂಸಾರ ಓಡಿ ಬಂದದ್ದು. ಬೇರೆ ಎಲ್ಲಿಂದಲೂ ಬರದೆ ಇಲ್ಲೇ ಹುಟ್ಟಿದ್ದು ಒಂದೇ ಜೀವ.

ಮೇಡಂ ಸ್ಟಾಂಪ್ ಪ್ಯಾಡು ಹಿಡಿದು ಮೆಟ್ಟಿಲ ಕೋಣೆಯ ಬಾಗಿಲು ತಟ್ಟಿದರು. ಅತ್ತೆ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

"ಈಗಷ್ಟೇ ನಿದ್ದೆ ಹೋಗಿದೆ. ಎದ್ದಾಗ ಹೆಬ್ಬೆಟ್ಟು ಒತ್ತಿಸ್ತೀನಿ. ಅಲ್ಲೀವರೆಗೆ ಯಾರೂ ಸದ್ದು ಮಾಡಬೇಡಿ."

ಇದು ನ್ಯಾಯವಾದ ಮಾತೆಂದು ಎಲ್ಲರಿಗೂ ತೋರಿತು. ಮೇಲ್ವಿಚಾರಕ ದೋಣಿಯನ್ನು ನಿಲ್ಲಿಸಿಕೊಂಡು ಕಾದ. ಮಗು ಎದ್ದಿತು, ಹಾಲು ಕುಡಿಯಿತು, ಒಪ್ಪಿಗೆ ಕೊಟ್ಟು ಮತ್ತೆ ಮಲಗಿತು. ನೆರವು ಇಳಿಯಿತು. ಒಪ್ಪಿಗೆ ಆಯಾ ದಿನಕ್ಕೆ ಮಾತ್ರ ಊರ್ಜಿತವಾದ್ದರಿಂದ, ಅಂದಿನಿಂದ ಕಚೇರಿಯ ವೇಳೆಯನ್ನು ಮಗುವಿನ ನಿದ್ದೆಗೆ ಹೊಂದಿಸಲಾಗಿದೆ. ಯುದ್ಧದ ವೇಳೆಯನ್ನೂ ಹಾಗೆಯೇ ಹೊಂದಿಸಲು ಹೋಗಿ, ಮಗು ದಿನದ ಬಹುಪಾಲು ಮಲಗಿಯೇ ಇರುವುದರಿಂದ, ಎರಡೂ ಕಡೆಯವರಿಗೆ ಹೊಡೆದಾಡಲು ಬಿಡುವು ಸಿಕ್ಕಿಲ್ಲ. ಸದ್ಯಕ್ಕೆ ಎರಡು ಪಕ್ಷದ ನಾಯಕರೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ತಾರಸಿಯ ಮೇಲೆ ಕಾವಲು ತಿರುಗುತ್ತಾರೆ, ಕೆಮ್ಮು ಬಂದರೆ ಕೆಳಗಿಳಿದು ನೀರಿನಲ್ಲಿ ನಿಂತು ಕೆಮ್ಮಿ ಬರುತ್ತಾರೆ.